ಅಮೆರಿಕದ ಪಕ್ಷಗಳ ‘ಬದಲಿ ಅಭ್ಯರ್ಥಿ’ ಸರ್ವೀಸ್: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಸರ್ವೀಸಿಗೆ ನಾನು ಗಿರಾಕಿ ಅಲ್ಲ. ನನ್ನದು ವಿಸಿಟರ್ ವೀಸಾ, ವೋಟು ಇರುವುದು ಬೆಂಗಳೂರಿನ ಜಯನಗರದಲ್ಲಿ. ಗಿರಾಕಿ ನನ್ನ ಮಗಳು. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಮನೆ, ಈಗ ಆ ದೇಶದ ಪ್ರಜೆ. 2024ರ ಮೇ ತಿಂಗಳಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ನಾನೂ ನಮ್ಮನೆಯವರೂ ಹೋಗಿದ್ದೆವು. ಅಕ್ಟೋಬರ್‌ಗೆ ವಾಪಸ್ ಬಂದೆವು. ಅಷ್ಟರಲ್ಲಿ ಒಂದು ಇಡೀ ‘ರಿಪ್ಲೇಸ್‌ಮೆಂಟ್ ಕೇಸ್’ ಶುರುವಿಂದ ಕೊನೆಯವರೆಗೆ ಕಣ್ಣೆದುರೇ ನಡೆದುಹೋಯಿತು.

ಅದನ್ನು ಅಳೆಯಲು ನನಗೇನು ಯೋಗ್ಯತೆ ಅಂತ ಕೇಳಬಹುದು. 31 ವರ್ಷ ಒಂದು ಪಂಪ್‌ಸೆಟ್ ಕಂಪನಿಯ ಸರ್ವೀಸ್ ವಿಭಾಗದಲ್ಲಿ ದುಡಿದಿದ್ದೇನೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ನನ್ನ ಏರಿಯಾ. ಮೋಟಾರ್ ಸುಟ್ಟಿತು ಅಂತ ರೈತರು ಬಂದರೆ ಬದಲಿ ಕೊಡಬೇಕೋ ಬೇಡವೋ, ಯಾರ ಖರ್ಚಲ್ಲಿ, ಎಷ್ಟು ದಿನದಲ್ಲಿ ಅಂತ ತೀರ್ಮಾನ ಮಾಡುವುದೇ ನನ್ನ ಕೆಲಸ. ಆ ಕೆಲಸದಲ್ಲಿ ಮೊದಲ ವರ್ಷವೇ ಕಲಿತ ಪಾಠ ಒಂದಿದೆ. ಮೋಟಾರ್ ಇನ್ನೂ ಅಂಗಡಿಯಲ್ಲಿದ್ದಾಗ ಬದಲಿಸುವುದು ಹತ್ತು ನಿಮಿಷದ ಕೆಲಸ. ತೋಟಕ್ಕೆ ಹೋದ ಮೇಲೆ ಅರ್ಧ ದಿನ. ಐನೂರು ಅಡಿ ಬೋರ್‌ವೆಲ್‌ಗೆ ಪೈಪು, ಕೇಬಲ್ಲು, ಹಗ್ಗ ಕಟ್ಟಿ ಇಳಿಸಿಬಿಟ್ಟ ಮೇಲೆ ಎತ್ತುವ ಗಾಡಿ ಬರಬೇಕು, ನಾಲ್ಕು ಆಳು ಬೇಕು. ಎತ್ತುವಾಗ ಪೈಪು ಕಳಚಿಕೊಂಡರೆ ಮೋಟಾರೂ ಹೋಯಿತು, ಬೋರೂ ಹೋಯಿತು. ಕೆಟ್ಟಿರುವುದು ಅದೇ ಮೋಟಾರು, ಹಾಕುವುದೂ ಅಂಥದ್ದೇ ಮೋಟಾರು. ಆದರೆ ಎಲ್ಲಿದ್ದಾಗ ಕೆಟ್ಟಿತು ಅನ್ನುವುದರ ಮೇಲೆ ಖರ್ಚು ನಿಲ್ಲುತ್ತದೆ.

ಅಮೆರಿಕದ ಪಕ್ಷಗಳ ಸರ್ವೀಸೂ ಹೀಗೇ. ಅವರ ವಾರಂಟಿ ಕಾರ್ಡಿನಲ್ಲಿ ಬೇರೇನೋ ಬರೆದಿದೆ, ಆ ಮಾತು ಬೇರೆ.

ಜುಲೈ 21, ಭಾನುವಾರ. ಬಿಸಿಬೇಳೆಬಾತ್ ಆಗಿತ್ತು, ಬೂಂದಿ ಇರಲಿಲ್ಲ, ಅಳಿಯ ಆಲೂ ಚಿಪ್ಸ್ ತರಲು ಹೋಗಿದ್ದರು. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಮಗಳ ಫೋನು ಕುಂಯ್ ಅಂದಿತು. ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ ನವೆಂಬರ್ ಚುನಾವಣೆಯ ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ. ಟಿವಿ ಭಾಷಣ ಇಲ್ಲ, ಪತ್ರಿಕಾಗೋಷ್ಠಿ ಇಲ್ಲ. ಕೋವಿಡ್ ಬಂದು ಡೆಲವೇರ್‌ನ ಸಮುದ್ರದಂಡೆ ಮನೆಯಲ್ಲಿದ್ದ ಮನುಷ್ಯ ಒಂದು ಪತ್ರ ಬರೆದು ಎಕ್ಸ್‌ನಲ್ಲಿ ಹಾಕಿದ್ದರು. ಜೂನ್ 27ರಂದು ಅಟ್ಲಾಂಟಾದಲ್ಲಿ ಟ್ರಂಪ್ ಜೊತೆ ನಡೆದ ಚರ್ಚೆಯಲ್ಲಿ ತಡವರಿಸಿದಾಗಿನಿಂದ ಪಕ್ಷದೊಳಗೆ ಗುಸುಗುಸು ಇತ್ತು. ಆದರೂ ಸುದ್ದಿ ಕೇಳಿ ಮಗಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಅರ್ಧ ಗಂಟೆಯೊಳಗೆ ಎರಡನೇ ಸಂದೇಶ: ನನ್ನ ಬೆಂಬಲ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ಗೆ.

ನಮ್ಮನೆಯವರು, “ಏನ್ರೀ ಇದು, ಛತ್ರ ಬುಕ್ ಆದ ಮೇಲೆ ಗಂಡು ಬದಲಾದ ಹಾಗಾಯ್ತಲ್ಲ” ಎಂದರು. ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶಕ್ಕೆ ಛತ್ರ ನಿಜವಾಗಿಯೂ ಬುಕ್ ಆಗಿತ್ತು. ನಮ್ಮ ಶಿಕಾಗೋದಲ್ಲೇ, ಯುನೈಟೆಡ್ ಸೆಂಟರ್‌ನಲ್ಲಿ, ಆಗಸ್ಟ್ 19ರಿಂದ 22.

ಮಗಳು ಕೇಳಿದ್ದು ಮಾತ್ರ ಬೇರೆ ಪ್ರಶ್ನೆ. “ಅಪ್ಪಾ, ನಾನು ಮಾರ್ಚ್‌ನಲ್ಲಿ ಪ್ರೈಮರಿಯಲ್ಲಿ ಬೈಡನ್‌ಗೆ ಹಾಕಿದ ವೋಟು ಈಗ ಎಲ್ಲಿಗೆ ಹೋಯ್ತು?”

ಅದಕ್ಕೆ ಉತ್ತರ ಹುಡುಕಲು ಮರುದಿನ ಊರಿನ ಲೈಬ್ರರಿಗೆ ಹೋಗಿ, ಎರಡೂ ಪಕ್ಷಗಳ ನಿಯಮದ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡು ಬಂದೆ. ಕಾರ್ಡಿನ ಸಣ್ಣ ಅಕ್ಷರ ಓದದೆ ಯಾವ ಕಂಪ್ಲೇಂಟನ್ನೂ ಮುಟ್ಟಬಾರದು ಅನ್ನುವುದು ನನ್ನ ಹಳೇ ಚಾಳಿ.

ವೋಟು ಎಲ್ಲಿಗೂ ಹೋಗಿರಲಿಲ್ಲ. ಒಬ್ಬ ಡೆಲಿಗೇಟ್‌ನ ಜೇಬಲ್ಲಿತ್ತು. ಅಲ್ಲಿ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗೆ ಮೊದಲು ನಡೆಯುವ ಮತದಾನದಲ್ಲಿ, ಜನ ಆರಿಸುವುದು ಅಭ್ಯರ್ಥಿಯನ್ನಲ್ಲ, ಸಮಾವೇಶಕ್ಕೆ ಹೋಗಿ ಆ ಅಭ್ಯರ್ಥಿಗೆ ಕೈ ಎತ್ತುವ ಪ್ರತಿನಿಧಿಗಳನ್ನು. ಬೈಡನ್‌ಗೆ ಅಂಥವರು 3,900ರ ಹತ್ತಿರ ಇದ್ದರು. ಗೆಲ್ಲಲು 1,976 ಸಾಕಿತ್ತು. ಈ ಪ್ರತಿನಿಧಿಗಳು ತಮ್ಮನ್ನು ಆರಿಸಿದವರ ಮನಸ್ಸನ್ನು ಒಳ್ಳೆಯ ಆತ್ಮಸಾಕ್ಷಿಯಿಂದ ತೋರಿಸಬೇಕು ಅಂತ ಡೆಮಾಕ್ರಟಿಕ್ ಪಕ್ಷದ ನಿಯಮ ಹೇಳುತ್ತದೆ. ಆತ್ಮಸಾಕ್ಷಿ! ವಾರಂಟಿ ಕಾರ್ಡಿನಲ್ಲಿ ಈ ಪದವನ್ನು ನಾನು ನೋಡಿದ್ದು ಅದೇ ಮೊದಲು. ಅಂದರೆ ಬೈಡನ್ ಹೋದ ಮೇಲೆ ಆ ಡೆಲಿಗೇಟ್‌ಗಳು ಯಾರ ಸ್ವತ್ತೂ ಅಲ್ಲ. ಬೈಡನ್ ಅವರನ್ನು ಹ್ಯಾರಿಸ್‌ಗೆ ಬರೆದುಕೊಡಲು ಆಗುವುದಿಲ್ಲ, ‘ಇವರನ್ನು ನೋಡಿ’ ಅಂತ ಹೇಳಬಹುದು ಅಷ್ಟೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಲಿಲ್ಲ. ಬೈಡನ್ ಆಗಿನ್ನೂ ಅಧಿಕೃತ ಅಭ್ಯರ್ಥಿಯೇ ಆಗಿರಲಿಲ್ಲ. ಪಕ್ಷ ಹೆಸರು ಘೋಷಿಸಿರಲಿಲ್ಲ, ಯಾವ ರಾಜ್ಯದ ನವೆಂಬರ್ ಮತಪತ್ರದ ಮೇಲೂ ಅವರ ಹೆಸರು ಅಚ್ಚಾಗಿರಲಿಲ್ಲ. ಮೋಟಾರ್ ಇನ್ನೂ ಅಂಗಡಿಯಲ್ಲೇ ಇತ್ತು. ಆ ವಾರವೆಲ್ಲ ಟಿವಿಯಲ್ಲಿ ಕೋರ್ಟು, ಕೇಸು ಅಂತ ಎದುರು ಪಕ್ಷದವರು ಮಾತಾಡಿದರು. ನನಗೆ ಒಳಗೊಳಗೇ ನಗು. ಇನ್ನೂ ಮಾರದ ಮಾಲನ್ನು ಅಂಗಡಿಯವನು ಶೆಲ್ಫಿನಿಂದ ತೆಗೆದರೆ ಯಾವ ಕೋರ್ಟು ಏನು ಹೇಳುತ್ತದೆ?

ಆಮೇಲೆ ನಡೆದ ಕೆಲಸದ ವೇಗಕ್ಕೆ ಐದಕ್ಕೆ ಐದು ಕೊಡಲೇಬೇಕು. ಸೋಮವಾರ ರಾತ್ರಿಯೊಳಗೆ, ಅಂದರೆ ಪತ್ರ ಬಂದು ಒಂದೂವರೆ ದಿನದಲ್ಲಿ, ಬೇಕಾದಷ್ಟು ಡೆಲಿಗೇಟ್‌ಗಳು ಹ್ಯಾರಿಸ್ ಕಡೆ ಎಂದು ಸುದ್ದಿಸಂಸ್ಥೆಗಳು ಎಣಿಸಿಬಿಟ್ಟಿದ್ದವು. ಬುಧವಾರ ಪಕ್ಷದ ನಿಯಮ ಸಮಿತಿ ಸೇರಿ ಹೊಸ ವಿಧಾನ ಬರೆಯಿತು. ಕಣಕ್ಕಿಳಿಯಬೇಕಾದರೆ 300 ಡೆಲಿಗೇಟ್‌ಗಳ ಸಹಿ ಬೇಕು, ಒಂದೇ ರಾಜ್ಯದಿಂದ 50ಕ್ಕಿಂತ ಜಾಸ್ತಿ ಬೇಡ. ಜುಲೈ 30 ಕೊನೆಯ ದಿನ. ಆ ಹೊತ್ತಿಗೆ ಅರ್ಹರಾಗಿ ಉಳಿದವರು ಒಬ್ಬರೇ. ಆಗಸ್ಟ್ 1ರಿಂದ 5ರವರೆಗೆ ಡೆಲಿಗೇಟ್‌ಗಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ವೋಟು ಹಾಕಿದರು. ಶೇಕಡಾ 99 ಹ್ಯಾರಿಸ್‌ಗೆ. ಒಂದಷ್ಟು ಜನ ಬರೀ ‘ಹಾಜರ್’ ಎಂದು ಗುರುತು ಹಾಕಿ ಸುಮ್ಮನಾದರು. ಮರುದಿನ ಟಿಮ್ ವಾಲ್ಜ್ ಉಪಾಧ್ಯಕ್ಷ ಸ್ಥಾನದ ಜೊತೆಗಾರ ಎಂದು ಘೋಷಣೆ.

ಸಮಾವೇಶಕ್ಕೆ ಮುಂಚೆಯೇ ಯಾಕೆ ಈ ಅವಸರ? ಇಲ್ಲಿ ಒಹಾಯೋ ಕಥೆ ಬರುತ್ತದೆ. ಅಭ್ಯರ್ಥಿಯ ಹೆಸರು ಆಗಸ್ಟ್ 7ರೊಳಗೆ ಕೊಡಬೇಕು ಅಂತ ಆ ರಾಜ್ಯದ ಕಾನೂನು ಇತ್ತು. ಸಮಾವೇಶ 19ಕ್ಕೆ. ಹಾಗಾಗಿ ಬೈಡನ್ ಇದ್ದಾಗಲೇ ಆನ್‌ಲೈನ್ ವೋಟಿನ ಯೋಜನೆ ಹಾಕಿಕೊಂಡಿದ್ದರು. ಆಮೇಲೆ ಒಹಾಯೋ ಗವರ್ನರ್ ವಿಶೇಷ ಅಧಿವೇಶನ ಕರೆದರು, ಶಾಸನಸಭೆ ಆ ದಿನಾಂಕ ಮುಂದಕ್ಕೆ ಹಾಕಿತು. ಆದರೂ ಪಕ್ಷದವರು ನಂಬಲಿಲ್ಲ, ಆನ್‌ಲೈನ್ ಇರಲಿ ಅಂದರು. ಬೈಡನ್‌ಗಾಗಿ ಇಟ್ಟಿದ್ದ ಎಮರ್ಜೆನ್ಸಿ ದಾರಿಯಲ್ಲಿ ಕೊನೆಗೆ ಹ್ಯಾರಿಸ್ ಹೋದರು.

ದುಡ್ಡಿನ ವಿಷಯದಲ್ಲೂ ಹಾಗೇ. ಬೈಡನ್ ಪ್ರಚಾರದ ಖಾತೆಯಲ್ಲಿ 9 ಕೋಟಿ ಡಾಲರಿಗಿಂತ ಜಾಸ್ತಿ ಇತ್ತು. ಆ ಸಮಿತಿ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರ ಹೆಸರಿನಲ್ಲೂ ನೋಂದಣಿ ಆಗಿತ್ತು. ಅದೇ ದಿನ ಫಾರಂ ತುಂಬಿ ಹೆಸರು ಬದಲಿಸಿದರು, ಖಾತೆ ಹಾಗೇ ಮುಂದುವರಿಯಿತು. ಎದುರಿನವರು ದೂರು ಕೊಟ್ಟರು, ಅದು ಬೇರೆ. ಬೇರೆ ಯಾರಾದರೂ ಬಂದಿದ್ದರೆ ಆ ದುಡ್ಡು ಇಷ್ಟು ಸಲೀಸಾಗಿ ಕೈಗೆ ಸಿಗುತ್ತಿರಲಿಲ್ಲ. ಮೊದಲ 24 ಗಂಟೆಯಲ್ಲಿ 8.1 ಕೋಟಿ ಡಾಲರ್ ಹೊಸದಾಗಿಯೂ ಬಂತು. ಹಳೇ ಸ್ಟಾರ್ಟರ್ ಪ್ಯಾನೆಲ್‌ಗೆ ಸರಿಹೊಂದುವ ಮೋಟಾರೇ ಪಕ್ಕದಲ್ಲಿ ಇದ್ದರೆ ಮೆಕಾನಿಕ್ ಬೇರೆ ಹುಡುಕುವುದಿಲ್ಲ. ಇದು ನನ್ನ ಅನುಭವ.

ಜಯನಗರದ ನಮ್ಮ ವಾಕಿಂಗ್ ವಾಟ್ಸಾಪ್ ಗುಂಪಿನಲ್ಲಿ ಆಗ ‘ನಮ್ಮವರು’ ಅಂತ ಒಂದೇ ಸಂಭ್ರಮ. ಹ್ಯಾರಿಸ್ ತಾಯಿಯ ಕಡೆಯ ಊರು ತಮಿಳುನಾಡಿನದು ಮಾರಾಯ್ರೇ, ನಮಗೇನು ಅಂತ ಒಬ್ಬರು ತಗಾದೆ ತೆಗೆದರು. ಎರಡು ದಿನ ಅದೇ ನಡೆಯಿತು. ಬಿಡಿ.

ಇಷ್ಟೆಲ್ಲ ಚಂದ ನಡೆದರೂ ಗಿರಾಕಿ ಸೇವೆಗೆ ನಾನು ಐದಕ್ಕೆ ಒಂದು ಕೊಡುತ್ತೇನೆ. ಜುಲೈ 21ರಿಂದ ಆಗಸ್ಟ್ 5ರವರೆಗೆ ಮಗಳನ್ನು ಯಾರೂ ಏನೂ ಕೇಳಲಿಲ್ಲ. ದೇಣಿಗೆ ಕೇಳುವ ಮೆಸೇಜು ಮಾತ್ರ ದಿನಕ್ಕೆ ಆರು ಬರುತ್ತಿತ್ತು. “ನನಗೆ ಕಮಲಾ ಓಕೆ ಅಪ್ಪಾ. ಆದ್ರೆ ಓಕೆನಾ ಅಂತ ಕೇಳ್ಬೇಕಿತ್ತು ಅಲ್ವಾ?” ಅಂದಳು. ನ್ಯಾಯವಾದ ಮಾತು. ಸರ್ವೀಸ್ ಸೆಂಟರಿನವನು ಒಳ್ಳೆಯ ಮೋಟಾರನ್ನೇ ಕೊಟ್ಟಿದ್ದರೂ ಕೌಂಟರಿನಲ್ಲಿ ಒಂದು ಸಹಿ ತೆಗೆದುಕೊಳ್ಳಬೇಕಲ್ಲವೇ.

ಹಾಗಂತ ಇದಕ್ಕಿಂತ ಕೆಟ್ಟ ಸರ್ವೀಸನ್ನು ಅದೇ ಶಿಕಾಗೋ ನೋಡಿದೆ. 1968ರ ಮಾರ್ಚ್ 31ರಂದು ಆಗಿನ ಅಧ್ಯಕ್ಷ, ಅದೇ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ತಾನು ನಿಲ್ಲುವುದಿಲ್ಲ ಎಂದರು. ಜೂನ್‌ನಲ್ಲಿ, ಕಣದಲ್ಲಿದ್ದ ರಾಬರ್ಟ್ ಕೆನಡಿ ಕೊಲೆ ಆಯಿತು. ಆಗಸ್ಟ್‌ನಲ್ಲಿ ಶಿಕಾಗೋ ಸಮಾವೇಶ ಆರಿಸಿದ್ದು ಹ್ಯೂಬರ್ಟ್ ಹಂಫ್ರಿಯನ್ನು. ಪ್ರೈಮರಿ ಕಣಗಳಿಗೆ ಇಳಿಯದೇ ಪಕ್ಷದ ನಾಯಕರ ಬಲದಿಂದ ಬಂದ ಮನುಷ್ಯ. ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ, ಒಳಗೆ ಕೂಗಾಟ. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಗೆದ್ದರು. ಆ ಮುಖಭಂಗ ಆದ ಮೇಲೆಯೇ ಇನ್ನು ಮುಂದೆ ಡೆಲಿಗೇಟ್‌ಗಳನ್ನು ಜನರೇ ಆರಿಸಲಿ ಅಂತ ನಿಯಮ ಬದಲಾದದ್ದು. ಬದಲಿಸಿದ ಆಯೋಗದ ಮೊದಲ ಮುಖ್ಯಸ್ಥ ಜಾರ್ಜ್ ಮೆಕ್‌ಗವರ್ನ್. ಮುಂದಿನ ಸಲ, 1972ರಲ್ಲಿ, ಆ ಹೊಸ ನಿಯಮದಡಿ ಅಭ್ಯರ್ಥಿಯಾದವರೂ ಅವರೇ. ಆಮೇಲೆ ತಮ್ಮ ಪಕ್ಷದ ‘ಬದಲಿ’ ಕೌಂಟರಿನ ಮುಂದೆ ಕೈಕಟ್ಟಿ ನಿಂತವರೂ ಅವರೇ.

ಈ ಕೇಸು ನಮ್ಮ ಟ್ರೇನಿಂಗ್ ಕ್ಲಾಸಿನಲ್ಲಿ ಹೇಳಬೇಕಾದಂಥದ್ದು. ಮಯಾಮಿ ಬೀಚ್ ಸಮಾವೇಶದ ಕೊನೆಯ ದಿನ, ಜುಲೈ 13. ಉಪಾಧ್ಯಕ್ಷ ಸ್ಥಾನಕ್ಕೆ ಯಾರೂ ಸಿಕ್ಕಿಲ್ಲ, ಗಡಿಯಾರ ಓಡುತ್ತಿದೆ. ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್‌ಗೆ ಫೋನು ಹೋಯಿತು. ಮುಚ್ಚಿಟ್ಟ ವಿಷಯ ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ ಏನೂ ಇಲ್ಲ ಎಂದರು. ಮುಗಿಯಿತು, ಮಾಲು ಪಾಸ್. ಮೆಕ್‌ಗವರ್ನ್ ಒಪ್ಪಿಗೆ ಭಾಷಣ ಮಾಡುವ ಹೊತ್ತಿಗೆ ಬೆಳಗಿನ ಜಾವ ಮೂರರ ಹತ್ತಿರ, ದೇಶವೆಲ್ಲ ಮಲಗಿತ್ತು.

ಹನ್ನೆರಡು ದಿನಕ್ಕೆ ಸತ್ಯ ಹೊರಬಿತ್ತು. ಈಗಲ್ಟನ್ 1960ರ ದಶಕದಲ್ಲಿ ಖಿನ್ನತೆಗಾಗಿ ಮೂರು ಸಲ ಆಸ್ಪತ್ರೆ ಸೇರಿದ್ದರು, ಶಾಕ್ ಚಿಕಿತ್ಸೆಯೂ ಆಗಿತ್ತು. ಖಾಯಿಲೆ ತಪ್ಪಲ್ಲ. ಚಿಕಿತ್ಸೆ ಪಡೆದು ಕೆಲಸ ಮಾಡುತ್ತಿದ್ದ ಮನುಷ್ಯ, ಆಮೇಲೂ ಎರಡು ಸಲ ಸೆನೆಟ್‌ಗೆ ಗೆದ್ದರು. ಆದರೆ ಆ ಕಾಲದ ಮಾತೇ ಬೇರೆ. ಮೆಕ್‌ಗವರ್ನ್ ಮೊದಲು ‘ಸಾವಿರ ಪರ್ಸೆಂಟ್ ಇವರ ಹಿಂದಿದ್ದೇನೆ’ ಎಂದರು. ನೂರು ಪರ್ಸೆಂಟ್ ಅಂದಿದ್ದರೂ ಸಾಕಿತ್ತು, ಜನ ಮರೆತಿರುತ್ತಿದ್ದರು. ಜುಲೈ 31ಕ್ಕೆ ಈಗಲ್ಟನ್ ಟಿಕೆಟ್ ಬಿಟ್ಟರು. ಒಟ್ಟು 18 ದಿನ. ಸಾವಿರ ಪರ್ಸೆಂಟ್ ಅನ್ನುವುದು ಅಲ್ಲಿ ಇಂದಿಗೂ ಕೊಂಕುಮಾತು.

ಸಮಾವೇಶ ಮುಗಿದು ಡೆಲಿಗೇಟ್‌ಗಳು ಊರು ಸೇರಿಯಾಗಿತ್ತು. ಈಗ ಮೋಟಾರ್ ತೋಟದಲ್ಲಿ. ಇಂಥ ಹೊತ್ತಿಗೆ ಕಾರ್ಡಿನ ಎರಡನೇ ಪುಟ ಜಾರಿಗೆ ಬರುತ್ತದೆ: ಸಮಾವೇಶ ಮುಗಿದ ಮೇಲೆ ಜಾಗ ಖಾಲಿಯಾದರೆ ತುಂಬುವ ಅಧಿಕಾರ ಪಕ್ಷದ ರಾಷ್ಟ್ರೀಯ ಸಮಿತಿಗೆ. ಮೆಕ್‌ಗವರ್ನ್ ಒಬ್ಬೊಬ್ಬರಿಗೇ ಫೋನು ಮಾಡಿದರು. ಟೆಡ್ ಕೆನಡಿ, ಹಂಫ್ರಿ, ಮಸ್ಕಿ, ಎಲ್ಲರೂ ಬೇಡ ಅಂದರು. ಕೊನೆಗೆ ಒಪ್ಪಿದ್ದು ಸಾರ್ಜಂಟ್ ಶ್ರೈವರ್, ಕೆನಡಿ ಮನೆಯ ಅಳಿಯ, ಪೀಸ್ ಕೋರ್ ಸಂಸ್ಥೆಯ ಮೊದಲ ನಿರ್ದೇಶಕ. ಆ ಸಂಸ್ಥೆಯ ಹುಡುಗರು 60ರ ದಶಕದಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ಬಂದು ಕೆಲಸ ಮಾಡಿದ್ದರು. ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಸಮಿತಿ ಸೇರಿ ಶ್ರೈವರ್ ಹೆಸರಿಗೆ ಮುದ್ರೆ ಒತ್ತಿತು. ಮಿಸೌರಿಯವರು ಮಾತ್ರ ತಮ್ಮ ವೋಟುಗಳನ್ನು ಈಗಲ್ಟನ್‌ಗೇ ಹಾಕಿದರು. ಟಿಕೆಟ್ಟಿನಲ್ಲಿ ಇಲ್ಲದ ಮನುಷ್ಯನಿಗೆ, ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ. ಇದನ್ನು ಓದಿದಾಗ ಮಿಸೌರಿಯವರ ಮೇಲೆ ನನಗೆ ಪ್ರೀತಿ ಬಂತು.

ಬದಲಿ ಸಿಕ್ಕಿತು, ತೋಟಕ್ಕೆ ನೀರು ಬರಲಿಲ್ಲ. ಮೆಕ್‌ಗವರ್ನ್ 49 ರಾಜ್ಯ ಸೋತರು. ಕೈಗೆ ಬಂದದ್ದು ಮಸಾಚುಸೆಟ್ಸ್ ಮತ್ತು ವಾಷಿಂಗ್ಟನ್ ನಗರ ಅಷ್ಟೆ.

ರಿಪಬ್ಲಿಕನ್ನರ ಕಾರ್ಡೂ ಓದಿದೆ. 9ನೇ ನಿಯಮ. ಸಾವು, ನಿರಾಕರಣೆ ‘ಅಥವಾ ಬೇರೆ ಕಾರಣದಿಂದ’ ಜಾಗ ಖಾಲಿಯಾದರೆ ರಾಷ್ಟ್ರೀಯ ಸಮಿತಿ ತುಂಬಬಹುದು, ಇಲ್ಲವೇ ಸಮಾವೇಶವನ್ನೇ ಮತ್ತೆ ಕರೆಯಬಹುದು. ಸಮಿತಿಯಲ್ಲಿ 168 ಜನ, ಪ್ರತಿ ರಾಜ್ಯ ಮತ್ತು ಪ್ರಾಂತ್ಯಕ್ಕೆ ಮೂವರು. ಆದರೆ ಆ ಮೂವರ ಕೈಯಲ್ಲಿ ತಮ್ಮ ರಾಜ್ಯಕ್ಕೆ ಸಮಾವೇಶದಲ್ಲಿ ಎಷ್ಟು ವೋಟು ಇತ್ತೋ ಅಷ್ಟೂ ಇರುತ್ತದೆ. ಇದು ನನಗೆ ಹಿಡಿಸಿತು. ದೊಡ್ಡ ರಾಜ್ಯಕ್ಕೆ ದೊಡ್ಡ ತೂಕ, ಲೆಕ್ಕ ಸರಿಯಾಗಿದೆ. ಡೆಮಾಕ್ರಟಿಕ್ ಸಮಿತಿಯಲ್ಲಿ ಸುಮಾರು 450 ಜನ. ಅವರ ಅಧ್ಯಕ್ಷರು ಮೊದಲು ಸಂಸತ್ತಿನ ತಮ್ಮ ನಾಯಕರನ್ನೂ ತಮ್ಮ ಗವರ್ನರುಗಳನ್ನೂ ಕೇಳಿ, ಆಮೇಲೆ ಸಮಿತಿಯ ಮುಂದೆ ಇಡಬೇಕು.

ಹಿಡಿಸದೇ ಇದ್ದದ್ದು ಆ ‘ಬೇರೆ ಕಾರಣ’. 2016ರ ಅಕ್ಟೋಬರ್ 7ರಂದು ಟ್ರಂಪ್ ಹೆಂಗಸರ ಬಗ್ಗೆ ಕೀಳಾಗಿ ಮಾತಾಡಿದ್ದ ಹಳೇ ಟೇಪು ಹೊರಬಂದಾಗ ಪಕ್ಷದ ಎಷ್ಟೋ ಮಂದಿ ಅವರನ್ನು ಬದಲಿಸಿ ಎಂದರು. ಬದಲಿಸಬೇಕಾದರೆ ಜಾಗ ಮೊದಲು ಖಾಲಿ ಆಗಬೇಕು. ಮನುಷ್ಯ ನಾನು ಬಿಡುವುದಿಲ್ಲ ಅಂದರೆ? ‘ಬೇರೆ ಕಾರಣ’ ಅನ್ನುವುದರೊಳಗೆ ಹೊರಗೆ ತಳ್ಳುವುದೂ ಸೇರುತ್ತದಾ ಅಂತ ವಕೀಲರು ಟಿವಿಯಲ್ಲಿ ಕಿತ್ತಾಡಿದರು. ‘ಇತರೆ ಕಾರಣಗಳು’ ಅಂತ ಒಂದು ಸಾಲು ನಮ್ಮ ಕಾರ್ಡಿನಲ್ಲೂ ಇತ್ತು. ಅದರಿಂದ ನನಗಾದ ತಲೆನೋವು ಅಷ್ಟಿಷ್ಟಲ್ಲ. ಆ ಜಗಳಕ್ಕೆ ಆಗ ಅರ್ಥವೂ ಇರಲಿಲ್ಲ. ಮತಪತ್ರ ಅಚ್ಚಾಗಿ ಹಲವು ರಾಜ್ಯಗಳಲ್ಲಿ ಜನ ಆಗಲೇ ವೋಟು ಹಾಕುತ್ತಿದ್ದರು. ಮೋಟಾರ್ ಐನೂರು ಅಡಿ ಕೆಳಗಿತ್ತು.

ಇದೇ ನಾನು ಹೇಳಬೇಕೆಂದಿದ್ದದ್ದು. ಪಕ್ಷದ ಕಾರ್ಡಿನಲ್ಲಿ ‘ಸಮಿತಿ ತುಂಬಬಹುದು’ ಅಂತ ದಪ್ಪ ಅಕ್ಷರದಲ್ಲಿ ಇದೆ. ಆದರೆ ಮತಪತ್ರ ಪಕ್ಷದ ಸೊತ್ತಲ್ಲ, ರಾಜ್ಯದ್ದು. ಅಲ್ಲಿ ನಮ್ಮ ಚುನಾವಣಾ ಆಯೋಗದ ಹಾಗೆ ಇಡೀ ದೇಶಕ್ಕೆ ಚುನಾವಣೆ ನಡೆಸುವ ಒಂದು ಕಚೇರಿ ಇಲ್ಲ. 50 ರಾಜ್ಯಕ್ಕೂ 50 ಕ್ಯಾಲೆಂಡರ್. ಹೊರದೇಶದಲ್ಲಿರುವ ಸೈನಿಕರಿಗೆ ಚುನಾವಣೆಗೆ 45 ದಿನ ಮುಂಚೆ ಮತಪತ್ರ ಕಳಿಸಲೇಬೇಕು ಅಂತ ಕೇಂದ್ರದ ಕಾನೂನು. ನಾರ್ತ್ ಕೆರೊಲಿನಾದವರು 60 ದಿನಕ್ಕೇ ಶುರು ಮಾಡುತ್ತಾರೆ. ಅಂದರೆ ಸೆಪ್ಟೆಂಬರ್ ಮೊದಲ ವಾರ ದಾಟಿದ ಮೇಲೆ ಸಮಿತಿ ಯಾರನ್ನು ಆರಿಸಿದರೂ ಹಳೇ ಹೆಸರಿನ ಮತಪತ್ರ ಜನರ ಕೈಯಲ್ಲಿ ಇರುತ್ತದೆ.

ಊಹೆ ಅಲ್ಲ, ಅದೇ ವರ್ಷ ಕಂಡದ್ದು. ಪಕ್ಷೇತರ ರಾಬರ್ಟ್ ಕೆನಡಿ ಜೂನಿಯರ್ ಆಗಸ್ಟ್ 23ಕ್ಕೆ ಪ್ರಚಾರ ನಿಲ್ಲಿಸಿ ಟ್ರಂಪ್ ಕಡೆ ವಾಲಿದರು. ಪೈಪೋಟಿ ಜೋರಾಗಿರುವ ರಾಜ್ಯಗಳಲ್ಲಿ ತನ್ನ ಹೆಸರು ತೆಗೆಯಿರಿ ಅಂತ ಕೇಳಿದರು. ನಾರ್ತ್ ಕೆರೊಲಿನಾದಲ್ಲಿ ಆಗಲೇ 29 ಲಕ್ಷ ಮತಪತ್ರ ಅಚ್ಚಾಗಿತ್ತು. ಕೋರ್ಟು ತೆಗೆಯಿರಿ ಎಂದಿತು. ಎಲ್ಲ ರದ್ದಿಗೆ ಹಾಕಿ ಮತ್ತೆ ಅಚ್ಚು ಹಾಕಿದರು, ಎರಡು ವಾರ ತಡವಾಯಿತು. ಮಿಶಿಗನ್‌ನಲ್ಲಿ ಕೋರ್ಟು ಆಗುವುದಿಲ್ಲ ಎಂದಿತು, ಹೆಸರು ಉಳಿಯಿತು. ವಿಸ್ಕಾನ್ಸಿನ್ ಕಾನೂನು ಇನ್ನೂ ಖಡಕ್: ನಾಮಪತ್ರ ಕೊಟ್ಟು ಅರ್ಹನಾದವನ ಹೆಸರು ತೆಗೆಯುವುದು ಸತ್ತರೆ ಮಾತ್ರ. ನೇಪರ್‌ವಿಲ್‌ನಿಂದ ಕಾರಿನಲ್ಲಿ ಹೋದರೆ ಎರಡು ಗಂಟೆಯೊಳಗೆ ವಿಸ್ಕಾನ್ಸಿನ್. ಒಂದೇ ಮನುಷ್ಯ, ಒಂದೇ ರಾಜೀನಾಮೆ, ಮೂರು ಊರಲ್ಲಿ ಮೂರು ಉತ್ತರ.

ಹಳೆಯ ಕಾಲದಲ್ಲಿ ಬದಲಿ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಕುತೂಹಲಕ್ಕೆ ಹಿಂದೆ ಹಿಂದೆ ಹೋದೆ. 1844ರಲ್ಲಿ ಡೆಮಾಕ್ರಟಿಕ್ ಪಕ್ಷದ ಬಾಲ್ಟಿಮೋರ್ ಸಮಾವೇಶ ಸೈಲಾಸ್ ರೈಟ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿತು. ಅವರು ವಾಷಿಂಗ್ಟನ್‌ನಲ್ಲಿದ್ದರು. ಆಗಷ್ಟೇ ಎರಡೂ ಊರಿನ ನಡುವೆ ಮೋರ್ಸ್‌ನ ಟೆಲಿಗ್ರಾಫ್ ತಂತಿ ಬಂದಿತ್ತು. ತಂತಿಯಲ್ಲೇ ‘ಬೇಡ’ ಅಂದರು. ಸಮಾವೇಶದವರು ಈ ಹೊಸ ಯಂತ್ರವನ್ನು ನಂಬಲೇ ಇಲ್ಲವಂತೆ. ಕಾಗದದ ಪತ್ರ ಬರುವವರೆಗೆ ಕಾದು, ಆಮೇಲೆ ಬೇರೆಯವರನ್ನು ಆರಿಸಿದರು. 180 ವರ್ಷದ ನಂತರ ಅದೇ ಪಕ್ಷದವರಾದ ದೇಶದ ಅಧ್ಯಕ್ಷರು ಎಕ್ಸ್‌ನಲ್ಲಿ ಒಂದು ಪತ್ರ ಹಾಕಿದರೆ ಅರ್ಧ ಗಂಟೆಗೆ ಮಗಳ ಅಡುಗೆಮನೆಯಲ್ಲಿ ಚರ್ಚೆ ಶುರು.

1912ರದು ಇನ್ನೂ ವಿಚಿತ್ರ. ಉಪಾಧ್ಯಕ್ಷ ಜೇಮ್ಸ್ ಶರ್ಮನ್ ಮರುಆಯ್ಕೆಗೆ ನಿಂತಿದ್ದರು. ಚುನಾವಣೆಗೆ ಆರು ದಿನ ಇದ್ದಾಗ ತೀರಿಕೊಂಡರು. ಬದಲಿಸಲು ಸಮಯವೆಲ್ಲಿ? ಜನ ತೀರಿಹೋದವರ ಹೆಸರಿಗೇ ವೋಟು ಹಾಕಿದರು. ಅಧ್ಯಕ್ಷ ಟಾಫ್ಟ್ ಮತ್ತು ಶರ್ಮನ್ ಜೋಡಿಗೆ ಬಂದದ್ದೇ 8 ಎಲೆಕ್ಟರ್ ವೋಟು (ಜನರ ವೋಟಿನ ಮೇಲೆ ರಾಜ್ಯವಾರು ಆಯ್ಕೆಯಾಗಿ, ಕೊನೆಗೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುವವರೇ ಎಲೆಕ್ಟರ್‌ಗಳು), ಯೂಟಾ ಮತ್ತು ವರ್ಮಾಂಟ್‌ನಿಂದ. ಆ ಎಂಟನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೊಲಸ್ ಮರ್ರೆ ಬಟ್ಲರ್‌ಗೆ ಹಾಕಿಸಿದರು. ಸೋತ ಟಿಕೆಟ್ಟಿಗೆ ಬದಲಿ ಅಭ್ಯರ್ಥಿ! 1872ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಹೊರೇಸ್ ಗ್ರೀಲಿ ಚುನಾವಣೆ ಸೋತು, ಎಲೆಕ್ಟರ್‌ಗಳು ವೋಟು ಹಾಕುವ ಮುನ್ನವೇ ತೀರಿಕೊಂಡರು. ಅವರ 66 ಎಲೆಕ್ಟರ್‌ಗಳು ದಿಕ್ಕಾಪಾಲಾಗಿ ಬೇರೆ ಬೇರೆಯವರಿಗೆ ಹಾಕಿದರು. ಮೂವರು ಗ್ರೀಲಿಗೇ ಹಾಕಿದರು, ಅವನ್ನು ಸಂಸತ್ತು ಎಣಿಸಲಿಲ್ಲ. ಎಲೆಕ್ಟರ್‌ಗಳು ಮಾತಿಗೆ ಕಟ್ಟುಬೀಳಬೇಕೆಂದು ರಾಜ್ಯಗಳು ನಿಯಮ ಮಾಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಸತ್ತವರಿಗೇ ಹಾಕಿ ಅಂತ ಕಟ್ಟಿಹಾಕಬಹುದೆಂದು ಈ ತೀರ್ಪಿಗೆ ಅರ್ಥ ಹಚ್ಚಬೇಡಿ ಅಂತ ಅಡಿಟಿಪ್ಪಣಿಯಲ್ಲಿ ಸೇರಿಸಿತು. ಸಣ್ಣ ಅಕ್ಷರದಲ್ಲೇ ನೋಡಿ ಮುಖ್ಯ ವಿಷಯ ಇರುವುದು.

ಇಷ್ಟರ ನಡುವೆ, ಈ ಎರಡು ಪಕ್ಷಗಳಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಸಮಾವೇಶ ಮುಗಿದ ಮೇಲೆ, ಚುನಾವಣೆಗೆ ಮುಂಚೆ, ಟಿಕೆಟ್ ಬಿಟ್ಟದ್ದು ಒಮ್ಮೆಯೂ ಇಲ್ಲ. ಆ ಪುಟಕ್ಕೆ ಇನ್ನೂ ಒಂದು ಕಂಪ್ಲೇಂಟೂ ಬಂದಿಲ್ಲ. ಬಳಸದ ವಾರಂಟಿಗೆ ನಾನು ಸ್ಟಾರ್ ಕೊಡುವುದಿಲ್ಲ.

ನಮ್ಮ ಊರಿನ ಸರ್ವೀಸ್ ಹೇಗೆ ಅಂತ ಅಳಿಯ ಕೇಳಿದರು. ಜಯನಗರದವನಿಗೆ ಈ ಪ್ರಶ್ನೆ ಕೇಳಬಾರದು. 2018ರ ಮೇ 4ರಂದು, ಮತದಾನಕ್ಕೆ ಎಂಟು ದಿನ ಇದ್ದಾಗ, ನಮ್ಮ ಶಾಸಕರೂ ಬಿಜೆಪಿ ಅಭ್ಯರ್ಥಿಯೂ ಆಗಿದ್ದ ಬಿ.ಎನ್. ವಿಜಯಕುಮಾರ್ ತೀರಿಕೊಂಡರು. ಪ್ರಚಾರದ ನಡುವೆಯೇ ಕುಸಿದಿದ್ದರು. ನಮ್ಮ ಕಾನೂನಿನಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಹೀಗೆ ತೀರಿಕೊಂಡರೆ ಆ ಕ್ಷೇತ್ರದ ಮತದಾನ ಮುಂದಕ್ಕೆ ಹೋಗುತ್ತದೆ, ಪಕ್ಷಕ್ಕೆ ಬೇರೆ ಹೆಸರು ಕೊಡಲು ಏಳು ದಿನ. ಮೇ 12ಕ್ಕೆ ರಾಜ್ಯವೆಲ್ಲ ಬೆರಳಿಗೆ ಶಾಯಿ ಹಾಕಿಸಿಕೊಂಡಾಗ ನಾವು ಜಯನಗರದವರು ಟಿವಿ ನೋಡುತ್ತಾ ಕೂತಿದ್ದೆವು. ಸರ್ಕಾರವೂ ಬಂದಾದ ಮೇಲೆ, ಜೂನ್ 11ಕ್ಕೆ ನಮ್ಮ ಸರದಿ. ಪಕ್ಷ ಅವರ ತಮ್ಮನನ್ನು ನಿಲ್ಲಿಸಿತು, ಗೆದ್ದದ್ದು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ. ಏನೇ ಇರಲಿ, ಚುನಾವಣೆಯನ್ನೇ ನಿಲ್ಲಿಸಿ ಗಿರಾಕಿಗೆ ಹೊಸ ಮಾಲು ತೋರಿಸಿದರು.

ಆದರೆ ಇದು ಸಾವಿಗೆ ಮಾತ್ರ. ಬಿಟ್ಟು ಹೋದರೆ ನಮ್ಮಲ್ಲಿ ಬದಲಿಯೇ ಇಲ್ಲ. ಅದೇ ವರ್ಷ ನವೆಂಬರ್ 3ರ ರಾಮನಗರ ಉಪಚುನಾವಣೆ. ಎರಡು ದಿನ ಇದ್ದಾಗ ಬಿಜೆಪಿ ಅಭ್ಯರ್ಥಿ ಚಂದ್ರಶೇಖರ್ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ ಸೇರಿದರು. ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಎಂದೋ ಮುಗಿದಿತ್ತು. ಮತಯಂತ್ರದ ಮೇಲೆ ಅವರ ಹೆಸರು, ಪಕ್ಕದಲ್ಲಿ ಕಮಲ, ಹಾಗೇ ಉಳಿಯಿತು. ಜೆಡಿಎಸ್‌ನ ಅನಿತಾ ಕುಮಾರಸ್ವಾಮಿ ಲಕ್ಷಕ್ಕಿಂತ ಜಾಸ್ತಿ ವೋಟಿನ ಅಂತರದಲ್ಲಿ ಗೆದ್ದರು. ಪಕ್ಷ ಬಿಟ್ಟ ಮನುಷ್ಯನ ಹೆಸರಿಗೂ ಸಾವಿರಗಟ್ಟಲೆ ವೋಟು ಬಿದ್ದಿತ್ತು. ನಮ್ಮ ಬಿ ಫಾರಂನಲ್ಲಿ ಮುಖ್ಯ ಅಭ್ಯರ್ಥಿಯ ನಾಮಪತ್ರ ತಿರಸ್ಕಾರವಾದರೆ ಇರಲಿ ಅಂತ ಇನ್ನೊಂದು ಹೆಸರು ಬರೆಯುವ ಜಾಗ ಇದೆ. ಪರಿಶೀಲನೆ ಮುಗಿದ ಮೇಲೆ ಆ ಸ್ಪೇರ್‌ಗೂ ಬೆಲೆ ಇಲ್ಲ.

ಇದನ್ನೆಲ್ಲ ಕೇಳಿ ಅಳಿಯ, “ಹಾಗಾದ್ರೆ ಅಮೆರಿಕದ್ದೇ ವಾಸಿ ಅಲ್ವಾ ಮಾವ?” ಅಂದರು. ಬೇಗ ದೂರು ಕೊಟ್ಟವನಿಗೆ ಹೌದು. ತಡವಾಗಿ ಕೊಟ್ಟವನಿಗೆ ನಮ್ಮದೇ ವಾಸಿ, ಅದೂ ಅಭ್ಯರ್ಥಿ ಸತ್ತಿದ್ದರೆ ಮಾತ್ರ.

ಆಗಸ್ಟ್ 20ರ ರಾತ್ರಿ ಯುನೈಟೆಡ್ ಸೆಂಟರ್‌ನಲ್ಲಿ ರಾಜ್ಯವಾರು ಹೆಸರು ಕೂಗಿ ವೋಟು ಹಾಕುವ ಕಾರ್ಯಕ್ರಮ ಆಯಿತು. ಒಂದೊಂದು ರಾಜ್ಯಕ್ಕೂ ಒಂದೊಂದು ಹಾಡು, ಡಿಜೆ ಬೇರೆ. ವೋಟು ಎರಡು ವಾರದ ಹಿಂದೆಯೇ ಮುಗಿದಿತ್ತಲ್ಲ, ಇದು ಸುಮ್ನೆ ಆಯುಧಪೂಜೆ. ನೀರು ಹರಿಯುತ್ತಿರುವ ಮೋಟಾರಿಗೆ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ದ ಹಾಗೆ. ಮೊಮ್ಮಗ ಸೋಫಾ ಮೇಲೆ ಕುಣಿದ. ನಮ್ಮನೆಯವರಿಗೂ ಖುಷಿ ಆಯಿತು. ನನಗೂ ಬೇಜಾರೇನಿಲ್ಲ, ಸೆಟಪ್ ಚೆನ್ನಾಗಿತ್ತು.

ಫಲಿತಾಂಶಕ್ಕೆ ನಾನು ಸ್ಟಾರ್ ಕಳೆಯುವುದಿಲ್ಲ. ಪತ್ರ ಬಂದ ದಿನದಿಂದ ಚುನಾವಣೆಗೆ 107 ದಿನ. ನವೆಂಬರ್ 5ರ ಚುನಾವಣೆಯಲ್ಲಿ ಎಲೆಕ್ಟರ್ ವೋಟು ಹ್ಯಾರಿಸ್‌ಗೆ 226, ಟ್ರಂಪ್‌ಗೆ 312. ಬದಲಿ ಮೋಟಾರ್ ಚೆನ್ನಾಗಿ ಓಡಿದರೂ ಬೋರಿನಲ್ಲಿ ನೀರು ಇರಬೇಕಲ್ಲ, ಅದು ಸರ್ವೀಸಿನವನ ಕೈಲಿ ಇಲ್ಲ. ನಾನು ಕಳೆದದ್ದು ಎರಡು ಸ್ಟಾರ್. ಒಂದು, ಮಗಳನ್ನು ಕೇಳದೇ ಇದ್ದದ್ದಕ್ಕೆ. ಇನ್ನೊಂದು, ವಾರಂಟಿ ಮುಗಿಯುವ ದಿನಾಂಕವನ್ನು ಕಾರ್ಡಿನಲ್ಲಿ ಎಲ್ಲೂ ಬರೆಯದೇ 50 ರಾಜ್ಯಗಳ ಅಚ್ಚುಮನೆಗೆ ಬಿಟ್ಟಿದ್ದಕ್ಕೆ.

ನಾವು ಹೊರಡುವ ಮುಂಚೆ ಮಗಳ ಅಂಚೆ ಮತಪತ್ರ ಬಂತು. ಊಟದ ಮೇಜಿನ ಮೇಲೆ ಬಿಚ್ಚಿದಳು. ಇಷ್ಟುದ್ದದ ಹಾಳೆ. ಹ್ಯಾರಿಸ್ ಮತ್ತು ವಾಲ್ಜ್ ಹೆಸರು ಒಟ್ಟಿಗೆ ಅಚ್ಚಾಗಿತ್ತು, ಬೈಡನ್ ಹೆಸರಿನ ಗುರುತೇ ಇರಲಿಲ್ಲ. ಪ್ರಚಾರ ನಿಲ್ಲಿಸಿ ತಿಂಗಳಾಗಿದ್ದ ಕೆನಡಿಯ ಹೆಸರು ಮಾತ್ರ ನೀಟಾಗಿ ಕೂತಿತ್ತು. ಇಲಿನಾಯ್‌ನಲ್ಲಿ ತೆಗೆಸಲು ಅವರು ಹೋಗಿರಲಿಲ್ಲ.

“ಇವರನ್ನ ಯಾಕೆ ಎತ್ಲಿಲ್ಲ ಅಪ್ಪಾ?” ಅಂದಳು.

“ಬೋರು ಆಳ ಪುಟ್ಟಿ” ಅಂದೆ. ಅವಳು ಕಪ್ಪು ಪೆನ್ನು ಹುಡುಕಲು ಎದ್ದಳು. ಮನೆಯಲ್ಲಿ ಇದ್ದವೆಲ್ಲ ಮೊಮ್ಮಗನ ಬಣ್ಣದ ಸ್ಕೆಚ್ ಪೆನ್ನುಗಳೇ.